ಕೈಯಿಂದ ಕೈಗೆ: ಆಸ್ಪತ್ರೆಯಲ್ಲಿ ಕೆಲಸ ಕಲಿಯುತ್ತಿರುವ ಗೆಳೆಯರಿಗೆ ಒಂದು ಮಾತು

(ಈ ವಾರದ ಪಾಡ್‌ಕಾಸ್ಟ್‌ನ ಬರಹ ರೂಪ)

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರು, ಹಾಸ್ಟೆಲ್ ರೂಮಲ್ಲಿ ಲೈಟ್ ಆರಿಸಿ ಮಲಗಿರೋರು, ನೈಟ್ ಡ್ಯೂಟಿ ಮುಗಿಸಿ ಚಾ ಅಂಗಡಿ ಮುಂದೆ ನಿಂತಿರೋರು, ಎಲ್ಲರಿಗೂ ಸ್ವಾಗತ.

ಹೋದ ವಾರ ನಮ್ಮ ಕೇಳುಗರಲ್ಲಿ ಒಬ್ಬ ತಂಗಿ ವಾಯ್ಸ್ ನೋಟ್ ಕಳಿಸಿದ್ಲು. ನರ್ಸಿಂಗ್ ಓದ್ತಿದ್ದಾಳೆ. ಅವಳು ಕೇಳಿದ್ದು ಇಷ್ಟು: "ಅಣ್ಣಾ, ನಮಗ ಕಾಲೇಜಿನ್ಯಾಗ ಪ್ರೊಫೆಷನಲಿಸಂ ಅಂತ ಒಂದು ಕ್ಲಾಸ್ ಆತು. ಯೂನಿಫಾರ್ಮ್ ಇಸ್ತ್ರಿ ಇರ್ಬೇಕು, ಟೈಮಿಗೆ ಬರ್ಬೇಕು, ವಾರ್ಡಿನ್ಯಾಗ ಮೊಬೈಲ್ ನೋಡಬಾರದು ಅಂತ ಹೇಳಿದ್ರು. ಅಷ್ಟ ಏನು ಅದು?"

ನಾನು ಬಿ.ಕಾಂ. ಓದಿದವ. ಸ್ಟೆತಾಸ್ಕೋಪ್ ಹಿಡಿಯೋಕೂ ಬರಲ್ಲ. ಆದರೂ ಆ ಪ್ರಶ್ನೆ ಕೇಳಿದ ತಕ್ಷಣ ನನಗೆ ಒಂದು ರಾತ್ರಿ ನೆನಪಾಯ್ತು. ಇವತ್ತಿನ ಎಪಿಸೋಡ್ ಆ ರಾತ್ರಿಯಿಂದಲೇ ಶುರು ಮಾಡ್ತೀನಿ.

ಎರಡು ವರ್ಷದ ಹಿಂದಿನ ಮಾತು. ನಮ್ಮ ಅಕ್ಕ ಹೆರಿಗೆಗೆ ಅಂತ ತವರಿಗೆ ಬಂದಿದ್ಲು. ಎಂಟು ತಿಂಗಳು ತುಂಬಿತ್ತು. ಒಂದು ಸಂಜೆ "ತಲಿ ಸಿಡೀಲಿಕ್ಕತ್ತೈತಿ, ಕಣ್ಣು ಮಂಜು ಮಂಜು ಆಗ್ಯಾವ" ಅಂದ್ಲು. ಅವ್ವ ಮೊದಲು "ಬಿಸಿಲಿಗೆ ಆಗಿರ್ಬೇಕು, ಮಲಗು" ಅಂದ್ಲು. ಓಣಿಯ ಆಶಾ ಅಕ್ಕ ಬಂದು ಮುಖ ನೋಡಿದರು, ಕಾಲಿನ ಬಾವು ಒತ್ತಿ ನೋಡಿದರು, ತಾಯಿ ಕಾರ್ಡ್ ಕೈಯಲ್ಲಿ ಹಿಡಿದು "ಒಂದು ನಿಮಿಷ ತಡ ಮಾಡಬ್ಯಾಡ್ರಿ" ಅಂದರು.

ಮೊದಲು ಹೋದ ಆಸ್ಪತ್ರೆಯಲ್ಲಿ ಬಿಪಿ ನೋಡಿದ್ರೆ 170ಕ್ಕೆ 110. ಅಲ್ಲಿನ ಸಿಸ್ಟರ್ ಬೇಗ ಬೇಗ ಕೆಲಸ ಮಾಡಿದ್ರು, ಇಂಜೆಕ್ಷನ್ ಕೊಟ್ರು, ಡಾಕ್ಟರ್ ಚೀಟಿ ಬರೆದ್ರು, 108 ಬಂತು. ಒಂದು ತಾಸಿನ ದಾರಿ. ಚೀಟಿಯಲ್ಲಿ ಅಕ್ಕನ ಹೆಸರು, ಬಿಪಿ, ಆಮೇಲೆ "ಹೆಚ್ಚಿನ ಚಿಕಿತ್ಸೆಗೆ ಕಳುಹಿಸಲಾಗಿದೆ" ಅಂತ ಒಂದು ಸಾಲು. ಅಷ್ಟೇ.

ಎರಡನೇ ಆಸ್ಪತ್ರೆ ತಲುಪಿದಾಗ ಲೇಬರ್ ರೂಮ್ ತುಂಬಿ ತುಳುಕ್ತಿತ್ತು. ಹೌಸ್ ಸರ್ಜನ್ ಒಬ್ಬರು ಬಂದರು, ನನಗಿಂತ ಚಿಕ್ಕವರು. ಅಕ್ಕನ್ನ ನೋಡಿ, ಫಿಟ್ಸ್ ಬರದ ಹಾಗೆ ಕೊಡೋ ಇಂಜೆಕ್ಷನ್ ರೆಡಿ ಮಾಡೋಕೆ ಹೇಳಿದರು. ಆಗ ಅಲ್ಲಿ ನಿಂತಿದ್ದ ಒಬ್ಬ ನರ್ಸಿಂಗ್ ವಿದ್ಯಾರ್ಥಿನಿ ನಮ್ಮ ಅವ್ವನ ಕಡೆ ತಿರುಗಿ ಕೇಳಿದ್ಲು: "ಅಮ್ಮಾರ, ಅಲ್ಲಿ ಏನರ ಇಂಜೆಕ್ಷನ್ ಕೊಟ್ಟಿದ್ರೇನು?" ಅವ್ವ ಹೇಳಿದ್ಲು: "ಹೂಂನವ್ವಾ, ಎರಡೂ ಕುಂಡಿಗೆ ಸೂಜಿ ಮಾಡ್ಯಾರ."

ಆ ಹುಡುಗಿ "ಸರ್, ಮೊದಲ ಡೋಸ್ ಆಗಿರಬಹುದು ಸರ್" ಅಂದ್ಲು. ಪಕ್ಕದಲ್ಲಿದ್ದ ಹಿರಿಯರೊಬ್ಬರು "ಚೀಟ್ಯಾಗ ಬರ್ದಿಲ್ಲಲ್ಲ, ನೀ ಸುಮ್ನಿರು" ಅಂದ್ರು. ಅವಳು ಸುಮ್ಮನಾಗಲಿಲ್ಲ. ದನಿ ನಡುಗ್ತಿತ್ತು, ಆದರೂ ಇನ್ನೊಮ್ಮೆ ಹೇಳಿದ್ಲು: "ಎರಡೂ ಕಡೆ ಕೊಟ್ಟಾರಂತ ಸರ್, ಒಮ್ಮೆ ಕೇಳೋಣ." ಆ ಹೌಸ್ ಸರ್ಜನ್ ಕೈ ನಿಂತಿತು. ಚೀಟಿ ಮೇಲೆ ಪ್ರಿಂಟ್ ಆಗಿದ್ದ ನಂಬರಿಗೆ ಫೋನ್ ಮಾಡಿದ್ರು. ಆ ಕಡೆಯಿಂದ ಉತ್ತರ ಬಂತು: "ಹೌದು ಸರ್, ಕೊಟ್ಟೀವಿ. 7:40ಕ್ಕೆ."

ಆ ಇಂಜೆಕ್ಷನ್ನಿನ ಹೆಸರು ಮ್ಯಾಗ್ನೀಷಿಯಮ್ ಸಲ್ಫೇಟ್. ಓದ್ತಿರೋರಿಗೆ ಗೊತ್ತಿರುತ್ತೆ, ಗೊತ್ತಿಲ್ಲದೋರಿಗೆ ಹೇಳ್ತೀನಿ. ಬಸುರಿಯಲ್ಲಿ ಬಿಪಿ ಜಾಸ್ತಿಯಾಗಿ ಫಿಟ್ಸ್ ಬರೋದನ್ನ ತಡೆಯೋಕೆ ಇದಕ್ಕಿಂತ ಒಳ್ಳೆ ಔಷಧಿ ಇಲ್ಲ. ಆದರೆ ಮೈಯಲ್ಲಿ ಹೆಚ್ಚಾದರೆ ಮೊದಲು ಮೊಣಕಾಲಿನ ಜರ್ಕ್ ಹೋಗುತ್ತೆ, ಆಮೇಲೆ ಉಸಿರಾಟವೇ ನಿಧಾನ ಆಗುತ್ತೆ. ಅದಕ್ಕೇ ಕೊಡೋ ಮುಂಚೆ ಮೊಣಕಾಲು ತಟ್ಟಿ ನೋಡ್ತಾರೆ, ಉಸಿರು ಎಣಿಸ್ತಾರೆ, ಮೂತ್ರ ಎಷ್ಟು ಬರ್ತಿದೆ ನೋಡ್ತಾರೆ, ಹತ್ತಿರದಲ್ಲೇ ಕ್ಯಾಲ್ಸಿಯಂ ಗ್ಲುಕೋನೇಟ್ ಇಟ್ಕೊಂಡಿರ್ತಾರೆ. ಮುಂದಿನ ಡೋಸ್ ಎಷ್ಟು, ಯಾವಾಗ ಅನ್ನೋದೆಲ್ಲ ಮೊದಲ ಡೋಸ್ ಆಗಿದೆಯಾ ಇಲ್ವಾ ಅನ್ನೋದರ ಮೇಲೆ ನಿಂತಿರುತ್ತೆ. ಆ ಒಂದು ಮಾತೇ ಚೀಟಿಯಲ್ಲಿ ಇರಲಿಲ್ಲ.

ಅಕ್ಕ ಆರಾಮಾಗಿದ್ದಾಳೆ. ಮಗು ಅವತ್ತೇ ರಾತ್ರಿ ಸಿಸೇರಿಯನ್ ಆಗಿ ಹುಟ್ಟಿತು. ಈಗ ಮನೆ ತುಂಬಾ ಓಡಾಡಿಕೊಂಡು ನನ್ನ ಮೈಕ್ ಕಿತ್ತು ಹಾಕುತ್ತೆ.

ಈಗ ಯೋಚನೆ ಮಾಡ್ರಿ. ಇದರಲ್ಲಿ ತಪ್ಪು ಯಾರದು? ಆಶಾ ಅಕ್ಕ ಸರಿಯಾಗಿ ಗುರುತಿಸಿದರು. ಮೊದಲ ಸಿಸ್ಟರ್ ಸರಿಯಾದ ಇಂಜೆಕ್ಷನ್ ಸರಿಯಾದ ಹೊತ್ತಿಗೆ ಕೊಟ್ಟರು. ಡಾಕ್ಟರ್ ಕೂಡಲೇ ಮುಂದೆ ಕಳಿಸಿದರು. 108ರವರು ಬೇಗ ತಂದು ಬಿಟ್ಟರು. ಪ್ರತಿಯೊಬ್ಬರೂ ತಮ್ಮ ತಮ್ಮ ಕೆಲಸದಲ್ಲಿ ಪಾಸ್. ಆದರೂ ನಮ್ಮ ಅಕ್ಕ ಅಪಾಯಕ್ಕೆ ಹತ್ತಿರ ಹೋಗಿದ್ದಳು. ಯಾಕಂದ್ರೆ ಅಪಾಯ ಇದ್ದಿದ್ದು ಒಬ್ಬರ ಕೈಗೂ ಇನ್ನೊಬ್ಬರ ಕೈಗೂ ನಡುವಿನ ಖಾಲಿ ಜಾಗದಲ್ಲಿ.

ಇದು ನಮ್ಮ ಮನೆಯ ಕತೆ ಮಾತ್ರ ಅಂತ ತಿಳ್ಕೋಬೇಡಿ. ಈ ಖಾಲಿ ಜಾಗದ ಬಗ್ಗೆ ನಮ್ಮ ಕೊಪ್ಪಳ ಜಿಲ್ಲೆಯಲ್ಲೇ ಸಂಶೋಧನೆ ಆಗಿದೆ. ದುಃಖದ ಕಾರಣಕ್ಕೆ ಆದದ್ದು, ಆದರೆ ಪ್ರಪಂಚದ ಬೇರೆ ಬೇರೆ ಕಡೆ ಓದುವಂಥದ್ದು.

ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆ ಆಗಿದ್ದು 1997ರಲ್ಲಿ. ಅದಾದ ಹತ್ತು ವರ್ಷಕ್ಕೆ, 2007ರಲ್ಲಿ, ಆಶಾ ಜಾರ್ಜ್ ಅನ್ನೋ ಸಂಶೋಧಕಿ ಕೊಪ್ಪಳದಲ್ಲಿ ತಾಯಂದಿರ ಸಾವು ಯಾಕೆ ಕಡಿಮೆ ಆಗ್ತಿಲ್ಲ ಅಂತ ಒಂದು ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಬರೆದರು. ಅವರು ಐದು ಕಾರಣ ಕೊಟ್ಟರು. ಮಾಹಿತಿ ವ್ಯವಸ್ಥೆ ದುರ್ಬಲ. ಆರೈಕೆ ನಡುನಡುವೆ ಕಡಿದುಹೋಗುತ್ತೆ. ಕೆಲಸ ಮಾಡೋ ಸಿಬ್ಬಂದಿಗೆ ಬೆಂಬಲ ಇಲ್ಲ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳಿಸೋದು ಅಡ್ಡಾದಿಡ್ಡಿ. ಯಾರು ಯಾರಿಗೆ ಉತ್ತರ ಕೊಡಬೇಕು ಅನ್ನೋದು ತಲೆಕೆಳಗು. ಈ ಐದನ್ನೂ ಇನ್ನೊಮ್ಮೆ ಮನಸ್ಸಲ್ಲಿ ಓಡಿಸಿ ನೋಡ್ರಿ. "ಡಾಕ್ಟರಿಗೆ ಬುದ್ಧಿ ಇಲ್ಲ", "ನರ್ಸಿಗೆ ಕೆಲಸ ಬರಲ್ಲ" ಅನ್ನೋದು ಈ ಪಟ್ಟಿಯಲ್ಲಿ ಇಲ್ಲ. ಐದರಲ್ಲಿ ಹೆಚ್ಚಿನವು ಒಬ್ಬರಿಂದ ಇನ್ನೊಬ್ಬರಿಗೆ ದಾಟುವಾಗಿನ ತೊಂದರೆಗಳು.

ಆಮೇಲೆ 2013ರಲ್ಲಿ ಅದಿತಿ ಅಯ್ಯರ್, ಗೀತಾ ಸೇನ್, ಅನುರಾಧಾ ಶ್ರೀವತ್ಸ ಇನ್ನೊಂದು ಲೇಖನ ಬರೆದರು. ಅದೂ ಕೊಪ್ಪಳದ ತಾಯಂದಿರ ಸಾವಿನ ಬಗ್ಗೆಯೇ. ಅದರ ಶೀರ್ಷಿಕೆಯಲ್ಲಿ ರಾಶೋಮನ್ ಅನ್ನೋ ಹೆಸರಿದೆ. ಸಿನಿಮಾ ಪ್ರಿಯರಿಗೆ ಗೊತ್ತು, ಅದು ಕುರೊಸಾವಾ 1950ರಲ್ಲಿ ಮಾಡಿದ ಜಪಾನಿ ಸಿನಿಮಾ. ಒಂದೇ ಘಟನೆಯನ್ನ ಒಬ್ಬೊಬ್ಬರು ಒಂದೊಂದು ಥರ ಹೇಳ್ತಾರೆ. ಒಂದು ಸಾವಿನ ಬಗ್ಗೆ ಮನೆಯವರು ಹೇಳೋದು ಒಂದು, ಆರೋಗ್ಯ ಸಿಬ್ಬಂದಿ ಹೇಳೋದು ಇನ್ನೊಂದು. ಎಲ್ಲರ ಮಾತನ್ನೂ ಪಕ್ಕಪಕ್ಕ ಇಟ್ಟು ಓದಿದಾಗಲೇ ನಿಜವಾಗಿ ಏನಾಯ್ತು ಅಂತ ಗೊತ್ತಾಗೋದು.

ನನಗೆ ಇಲ್ಲಿ ಹೊಟ್ಟೆ ಚುರುಕ್ ಅನ್ನಿಸೋದು ಏನಂದ್ರೆ, ಎಲ್ಲರ ಮಾತನ್ನೂ ಪಕ್ಕಪಕ್ಕ ಇಡೋ ಕೆಲಸ ಆ ತಾಯಿ ಸತ್ತ ಮೇಲೆ ಸಂಶೋಧಕರು ಮಾಡಿದರು. ಅದೇ ಕೆಲಸ ಅವಳು ಬದುಕಿದ್ದಾಗ, ಅವಳ ಮಂಚದ ಪಕ್ಕದಲ್ಲಿ ನಡೆದಿದ್ದರೆ?

ವಾಯ್ಸ್ ನೋಟ್ ಕಳಿಸಿದ ತಂಗೀ, ನಿನ್ನ ಪ್ರಶ್ನೆಗೆ ಉತ್ತರ ಇಲ್ಲಿದೆ ಅಂತ ನನಗನಿಸುತ್ತೆ. ಇಸ್ತ್ರಿ ಮಾಡಿದ ಯೂನಿಫಾರ್ಮ್ ಬೇಕು, ಟೈಮಿಗೆ ಬರೋದೂ ಬೇಕು. ಆದರೆ ನಿನ್ನ ಕೈಯಲ್ಲಿದ್ದ ರೋಗಿ ಮುಂದಿನವರ ಕೈಗೆ ಪೂರ್ತಿಯಾಗಿ ತಲುಪಿದ್ರಾ ಅಂತ ನೋಡಿಕೊಳ್ಳೋದು ಪ್ರೊಫೆಷನಲಿಸಂನ ಮೂಲ.

ಇದು ನನಗೆ ಕಾಮರ್ಸ್ ಭಾಷೆಯಲ್ಲಿ ಸುಲಭವಾಗಿ ಅರ್ಥ ಆಗುತ್ತೆ. ಅಕೌಂಟೆನ್ಸಿಯ ಮೊದಲ ಪಾಠವೇ ಡಬಲ್ ಎಂಟ್ರಿ. ಒಂದು ವ್ಯವಹಾರ ಅಂದ್ರೆ ಎರಡು ಬರಹ. ಗಂಗಾವತಿಯಿಂದ ಒಂದು ಲಾರಿ ಅಕ್ಕಿ ಹೊರಟಿತು ಅಂತಿಟ್ಕೊಳ್ಳಿ. ಇಲ್ಲಿ ತೂಕ, ಅಲ್ಲಿ ತೂಕ. ಇಲ್ಲಿನ ಪುಸ್ತಕದಲ್ಲಿ ಕೊಟ್ಟಿದ್ದು, ಅಲ್ಲಿನ ಪುಸ್ತಕದಲ್ಲಿ ಬಂದಿದ್ದು. ಎರಡೂ ತಾಳೆ ಆಗೋ ತನಕ ಲೆಕ್ಕ ಮುಗಿಯಲ್ಲ. ಹತ್ತು ಚೀಲ ಕಡಿಮೆ ಬಂದ್ರೆ ರಾತ್ರೋರಾತ್ರಿ ಫೋನ್ ಹಾರುತ್ತೆ. ಅಕ್ಕಿ ಚೀಲಕ್ಕೆ ಇಷ್ಟು ಲೆಕ್ಕ ಇರೋವಾಗ, ಆಂಬುಲೆನ್ಸಲ್ಲಿ ಹೊರಟ ತಾಯಿಗೆ ಒಂದೇ ಸಾಲಿನ ಚೀಟಿ ಸಾಕಾ?

ಸರಿ, ಇದನ್ನ ಕಲಿಸೋದು ಹೇಗೆ? ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಇದಕ್ಕೆ ಒಂದು ಚೌಕಟ್ಟು ಕೊಟ್ಟಿದೆ. ಬೇರೆ ಬೇರೆ ವೃತ್ತಿಯ ವಿದ್ಯಾರ್ಥಿಗಳು ಒಬ್ಬರ ಬಗ್ಗೆ ಒಬ್ಬರು, ಒಬ್ಬರಿಂದ ಒಬ್ಬರು, ಒಬ್ಬರ ಜೊತೆ ಒಬ್ಬರು ಕಲೀಬೇಕು ಅಂತ ಅದರ ಸಾರ. ನಮ್ಮಲ್ಲಿ ಎಂಬಿಬಿಎಸ್‌ಗೆ 2019ರಿಂದ ಹೊಸ ಪಠ್ಯಕ್ರಮ ಬಂದಿದೆ. ಅದರಲ್ಲಿ ನಡವಳಿಕೆ, ನೀತಿ, ಸಂವಹನಕ್ಕೆ ಅಂತಲೇ ಎಟ್‌ಕಾಮ್ ಅನ್ನೋ ಭಾಗ ಇದೆ. ಲ್ಯಾಬ್ ಟೆಕ್ನಿಷಿಯನ್, ಫಿಸಿಯೋಥೆರಪಿ ಥರದ ವೃತ್ತಿಗಳಿಗೆ 2021ರಲ್ಲಿ ಬೇರೆ ಕಾಯ್ದೆ ಬಂತು. ನರ್ಸಿಂಗ್, ಮಿಡ್‌ವೈಫರಿಗೆ 2023ರಲ್ಲಿ ಇನ್ನೊಂದು ಬಂತು. ಒಳ್ಳೇದೇ. ಆದರೆ ಕಾಯ್ದೆ ಬೇರೆ, ಕಾಲೇಜು ಬೇರೆ, ಪರೀಕ್ಷೆ ಬೇರೆ, ಕ್ಯಾಂಟೀನಿನ ಟೇಬಲ್ಲೂ ಬೇರೆ. ನಾಲ್ಕು ವರ್ಷ ಒಬ್ಬರ ಮುಖ ಒಬ್ಬರು ನೋಡದೆ ಓದಿ, ಐದನೇ ವರ್ಷ ರಾತ್ರಿ ಎರಡಕ್ಕೆ ಒಂದೇ ಮಂಚದ ಮುಂದೆ ನಿಂತಾಗ ಒಮ್ಮೆಲೇ ಟೀಮ್ ಆಗಿ ಅಂದ್ರೆ ಹೇಗೆ ಆಗ್ತಾರೆ?

ಟೀಮ್ ಅನ್ನೋದು ಸಣ್ಣ ಸಣ್ಣ ಅಭ್ಯಾಸಗಳಿಂದ ಆಗುತ್ತೆ ಅನ್ನೋದಕ್ಕೆ ಪುರಾವೆ ಇದೆ. ಆಪರೇಷನ್ ಥಿಯೇಟರಲ್ಲಿ ಬಳಸೋಕೆ ವಿಶ್ವ ಆರೋಗ್ಯ ಸಂಸ್ಥೆ ಒಂದು ಪುಟದ ಚೆಕ್‌ಲಿಸ್ಟ್ ಮಾಡಿತು. ಚರ್ಮಕ್ಕೆ ಬ್ಲೇಡ್ ಹಾಕೋ ಮುಂಚೆ ರೂಮಲ್ಲಿರೋ ಎಲ್ಲರೂ ತಮ್ಮ ಹೆಸರು, ತಮ್ಮ ಕೆಲಸ ಹೇಳಬೇಕು ಅನ್ನೋದು ಅದರಲ್ಲಿ ಒಂದು ಅಂಶ. ನಗು ಬರುತ್ತೆ ಅಲ್ವಾ? ಎಂಟು ದೇಶಗಳ ಎಂಟು ಆಸ್ಪತ್ರೆಯಲ್ಲಿ ನಡೆಸಿ ನೋಡಿದರು, ಫಲಿತಾಂಶ 2009ರಲ್ಲಿ ಬಂತು. ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೆ ಇಳಿದಿತ್ತು. ಒಮ್ಮೆ ತನ್ನ ಹೆಸರು ಬಾಯಿಬಿಟ್ಟು ಹೇಳಿದವರಿಗೆ ಆಮೇಲೆ "ಸರ್, ಒಂದು ನಿಮಿಷ ನಿಲ್ಲಿ" ಅನ್ನೋಕೆ ಧೈರ್ಯ ಬರುತ್ತೆ. ಇದು ನನ್ನ ಅನಿಸಿಕೆ.

ಹೆರಿಗೆಗೂ ಅಂಥದೇ ಚೆಕ್‌ಲಿಸ್ಟ್ ಇದೆ. ಅದನ್ನ ಮೊದಲು ಪರೀಕ್ಷೆ ಮಾಡಿದ್ದು ನಮ್ಮ ಕರ್ನಾಟಕದಲ್ಲೇ, 2010ರಲ್ಲಿ, ಒಂದು ಉಪಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ. ಹೆರಿಗೆ ಹೊತ್ತಿಗೆ ಮಾಡಲೇಬೇಕಾದ 29 ಕೆಲಸಗಳಲ್ಲಿ ಮೊದಲು ಸರಾಸರಿ 10 ಆಗ್ತಿದ್ವು, ಆಮೇಲೆ 25 ಆದ್ವು.

ಆದರೆ ಪೂರ್ತಿ ಕತೆ ಹೇಳಬೇಕಲ್ಲ. ಅದೇ ಚೆಕ್‌ಲಿಸ್ಟನ್ನ ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ ದೊಡ್ಡ ಅಧ್ಯಯನಕ್ಕೆ ತಗೊಂಡರು. ಅದರ ಫಲಿತಾಂಶ 2017ರಲ್ಲಿ ಬಂತು. ಕೆಲಸದ ರೀತಿ ಸುಧಾರಿಸಿತ್ತು, ಆದರೆ ಸಾವು ಕಡಿಮೆ ಆಗಿರಲಿಲ್ಲ. ಅಂದ್ರೆ ಟಿಕ್ ಹಾಕಿದ ಕಾಗದವೊಂದೇ ಯಾರನ್ನೂ ಉಳಿಸಲ್ಲ. ರಕ್ತ ಬೇಕು, ಔಷಧಿ ಬೇಕು, ಕೈ ಪಳಗಿರೋ ಜನ ಬೇಕು, ಹೊತ್ತಿಗೆ ಸರಿಯಾಗಿ ಮುಂದೆ ಕಳಿಸೋ ದಾರಿ ಬೇಕು. ಆ ಕಾಗದ ಮಾತಿಗೆ ಒಂದು ನೆಪ ಅಷ್ಟೇ.

ಆ ಮಾತು ಹೇಗಿರಬೇಕು ಅನ್ನೋದಕ್ಕೂ ಒಂದು ಸರಳ ದಾರಿ ಇದೆ. ಎಸ್‌ಬಾರ್ ಅಂತ ಕರೀತಾರೆ. ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ಅಮೆರಿಕದ ನೌಕಾಪಡೆಯ ಸಬ್‌ಮರೀನ್‌ಗಳಲ್ಲಿ. ಆಮೇಲೆ ಆಸ್ಪತ್ರೆಗಳು ತಗೊಂಡವು. ನಾಲ್ಕೇ ಸಾಲು. ಈಗ ಏನಾಗ್ತಿದೆ. ಹಿಂದೆ ಏನಾಗಿತ್ತು. ನಾನು ನೋಡಿದ್ದೇನು, ನನಗೇನು ಅನಿಸುತ್ತೆ. ನಿಮ್ಮಿಂದ ಏನು ಬೇಕು.

ನಮ್ಮ ಅಕ್ಕನ ಕೇಸಿಗೆ ಹಾಕಿ ನೋಡೋಣ. "ಎಂಟು ತಿಂಗಳ ಬಸುರಿ, ಬಿಪಿ 170ಕ್ಕೆ 110, ತಲೆನೋವು, ಕಣ್ಣು ಮಂಜು. ಮೊದಲ ಹೆರಿಗೆ, ಹೋದ ತಿಂಗಳ ತನಕ ಬಿಪಿ ಸರಿ ಇತ್ತು. ತೀವ್ರ ಪ್ರೀಎಕ್ಲಾಂಪ್ಸಿಯಾ ಅನಿಸುತ್ತೆ, ಮ್ಯಾಗ್ನೀಷಿಯಮ್ ಸಲ್ಫೇಟ್ ಮೊದಲ ಡೋಸ್ 7:40ಕ್ಕೆ ಎರಡೂ ಸೊಂಟಕ್ಕೆ ಕೊಟ್ಟಿದ್ದೀವಿ. ಹೆರಿಗೆ ತಜ್ಞರು, ರಕ್ತ ರೆಡಿ ಇರಲಿ." ಹೇಳೋಕೆ ಮೂವತ್ತು ಸೆಕೆಂಡ್ ಸಾಕು. ಒಂದು ರೀಲ್ ನೋಡೋ ಟೈಮ್. ಕೇಳಿದವರು ಅದನ್ನೇ ವಾಪಸ್ ಹೇಳಬೇಕು: "ಮೊದಲ ಡೋಸ್ 7:40ಕ್ಕೆ ಆಗಿದೆ, ಸರಿನಾ?" ಆಗ ಡಬಲ್ ಎಂಟ್ರಿ ಆಯ್ತು. ಕೊಟ್ಟವರ ಪುಸ್ತಕದಲ್ಲೂ ಇದೆ, ತಗೊಂಡವರ ಪುಸ್ತಕದಲ್ಲೂ ಇದೆ.

ಈಗ ಕಷ್ಟದ ವಿಷಯಕ್ಕೆ ಬರ್ತೀನಿ. "ನೀ ಸುಮ್ನಿರು" ಅನ್ನೋ ಮಾತು. ಆಸ್ಪತ್ರೆಯಲ್ಲಿ ಒಂದು ಏಣಿ ಇದೆ. ಮೇಲೆ ದೊಡ್ಡ ಡಾಕ್ಟರ್, ಆಮೇಲೆ ಚಿಕ್ಕ ಡಾಕ್ಟರ್, ಆಮೇಲೆ ಸ್ಟಾಫ್ ನರ್ಸ್, ಫಾರ್ಮಸಿಸ್ಟ್, ಲ್ಯಾಬಿನವರು, ಅದಕ್ಕೂ ಕೆಳಗೆ ವಿದ್ಯಾರ್ಥಿಗಳು, ಗ್ರೂಪ್ ಡಿ ಸಿಬ್ಬಂದಿ. ಆಶಾ ಅಕ್ಕನಿಗಂತೂ ಏಣಿಯ ಮೇಲೆ ಮೆಟ್ಟಿಲೇ ಇಲ್ಲ, ಲೇಬರ್ ರೂಮಿನ ಹೊರಗೆ ನಿಂತಿರ್ತಾರೆ. ಆದರೆ ಮಾಹಿತಿ ಏಣಿ ನೋಡಿ ಬರಲ್ಲ. ಅವತ್ತು ರಾತ್ರಿ ಬೇಕಾಗಿದ್ದ ಮಾಹಿತಿ ಇದ್ದಿದ್ದು ಅಕ್ಷರ ಬಾರದ ನಮ್ಮ ಅವ್ವನ ಹತ್ತಿರ. ಅದನ್ನ ಕೇಳಿಸಿಕೊಂಡಿದ್ದು ಅಲ್ಲಿನ ಎಲ್ಲರಿಗಿಂತ ಚಿಕ್ಕವಳು.

ಮೆಡಿಕಲ್ ಓದ್ತಿರೋ ಗೆಳೆಯರೇ, ನಿಮಗೊಂದು ಮಾತು. ಆ ಹೌಸ್ ಸರ್ಜನ್ ಮಾಡಿದ್ದು ನನ್ನ ಪ್ರಕಾರ ಆ ಹುಡುಗಿ ಮಾಡಿದಷ್ಟೇ ದೊಡ್ಡ ಕೆಲಸ. ಹಿಂದಿನ ದಿನದಿಂದ ನಿದ್ದೆ ಇರಲಿಲ್ಲ ಅವರಿಗೆ, ಕಣ್ಣು ಕೆಂಪಾಗಿದ್ವು. "ನನಗೆ ಹೇಳಿಕೊಡ್ತೀಯಾ" ಅನ್ನಬಹುದಿತ್ತು. ಅನ್ನಲಿಲ್ಲ. ಫೋನ್ ಮಾಡಿದರು. ಆಮೇಲೆ ಅವಳ ಕಡೆ ನೋಡಿ "ಥ್ಯಾಂಕ್ಸ್ ಸಿಸ್ಟರ್" ಅಂದರು. ಅವಳಿನ್ನೂ ಎರಡನೇ ವರ್ಷದ ಹುಡುಗಿ. ಆ ಒಂದು ಮಾತಿಂದ ಅವಳು ಮುಂದೆ ನೂರು ಸಲ ಬಾಯಿ ತೆರೀತಾಳೆ. "ಸುಮ್ನಿರು" ಅನ್ನೋದು ಗೆದ್ದಿದ್ರೆ ಅವಳು ಇನ್ಯಾವತ್ತೂ ಮಾತಾಡ್ತಿರಲಿಲ್ಲ.

ಫಾರ್ಮಸಿ ಓದ್ತಿರೋರು "ಇದರಲ್ಲಿ ನಾವೆಲ್ಲಿ?" ಅಂತ ಕೇಳಬಹುದು. 2024ರ ನವೆಂಬರ್ ನೆನಪಿಸಿಕೊಳ್ಳಿ. ನಮ್ಮ ಪಕ್ಕದ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ರಿಂಗರ್ ಲ್ಯಾಕ್ಟೇಟ್ ಸಲೈನ್ ಮೇಲೆ ಸಂಶಯ ಬಂದು, ಅದರ ಬಳಕೆ ತಡೆಹಿಡಿದು, ತನಿಖೆ ನಡೆಯಿತು. ಅಂಥ ಹೊತ್ತಲ್ಲಿ ಒಬ್ಬ ನರ್ಸಿಗೆ ಕಾಣೋದು ಒಬ್ಬ ರೋಗಿಯ ಚಳಿ. ಡಾಕ್ಟರಿಗೆ ಕಾಣೋದು ಒಂದು ಕಿಡ್ನಿ ರಿಪೋರ್ಟ್. ಸ್ಟೋರಿನವರಿಗೆ ಕಾಣೋದು ಬಾಟಲಿಯ ಬ್ಯಾಚ್ ನಂಬರ್. ಮೂರೂ ಒಂದು ಕಡೆ ಸೇರಿದಾಗ ಮಾತ್ರ "ಇದೇನೋ ಸರಿ ಇಲ್ಲ" ಅಂತ ಗೊತ್ತಾಗೋದು. ಔಷಧಿಯಿಂದ ತೊಂದರೆ ಆದ್ರೆ ದೂರು ಕೊಡೋಕೆ 1800-180-3024 ಅನ್ನೋ ಉಚಿತ ನಂಬರ್ ಇದೆ. ಡಾಕ್ಟರ್, ನರ್ಸ್, ಫಾರ್ಮಸಿಸ್ಟ್ ಯಾರು ಬೇಕಾದರೂ ಕೊಡಬಹುದು, ರೋಗಿಯ ಕಡೆಯವರೂ ಕೊಡಬಹುದು. ಸೇವ್ ಮಾಡ್ಕೊಳ್ರಿ.

ಇನ್ನು "ಅಣ್ಣಾ, ನೀವು ಹೇಳೋದು ಚಲೋ ಐತಿ, ಆದ್ರ ನಮಗ ಟೈಮ್ ಎಲ್ಲೈತಿ?" ಅಂತ ಯಾರಾದರೂ ಕೇಳೇ ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಮೊದಲ ಆಸ್ಪತ್ರೆಯ ಆ ಸಿಸ್ಟರ್ ಅವತ್ತು ಒಬ್ಬರೇ ಡ್ಯೂಟಿಯಲ್ಲಿದ್ದರು. ಹೆರಿಗೆ ಆಗ್ತಿದ್ದ ಇನ್ನೊಬ್ಬ ತಾಯಿನ ಬಿಟ್ಟು ಬಂದು ನಮ್ಮ ಅಕ್ಕನಿಗೆ ಇಂಜೆಕ್ಷನ್ ಕೊಟ್ಟರು. ಅವರಿಗೆ "ನೀವು ಚೀಟಿ ತುಂಬಿಸಲಿಲ್ಲ" ಅಂತ ಬೈಯೋಕೆ ನನಗೆ ಬಾಯಿ ಬರಲ್ಲ. ಸಿಬ್ಬಂದಿಗೆ ಬೆಂಬಲ ಇಲ್ಲ ಅಂತ 2007ರಲ್ಲೇ ಬರೆದಿದ್ದಾರಲ್ಲ. ಹುದ್ದೆ ತುಂಬೋದು ಸರ್ಕಾರದ ಕೆಲಸ. ಅದನ್ನ ಕೇಳೋದು ನಮ್ಮ ಕೆಲಸ. ಪ್ರೊಫೆಷನಲಿಸಂ ಅನ್ನೋ ದೊಡ್ಡ ಪದ ಇಟ್ಕೊಂಡು ಇಬ್ಬರ ಕೆಲಸ ಒಬ್ಬರ ತಲೆಗೆ ಕಟ್ಟಬಾರದು. ಆದರೆ ಟೈಮ್ ಇಲ್ಲ ಅನ್ನೋ ಕಡೆಯೇ ನಾಲ್ಕು ಸಾಲು ಜಾಸ್ತಿ ಬೇಕಾಗೋದು. ಅಂಥ ಕಡೆ ಇನ್ನೊಮ್ಮೆ ಕೇಳಿ ತಿಳ್ಕೊಳ್ಳೋಕೂ ಯಾರಿಗೂ ಟೈಮ್ ಇರಲ್ಲ.

ಆ ಸಂಶೋಧನೆ ನಡೆದ ಕಾಲಕ್ಕೆ ಕೊಪ್ಪಳದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜ್ ಇರಲಿಲ್ಲ. ಕೊಪ್ಪಳ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ನಾವು ಕಿಮ್ಸ್ ಅಂತೀವಲ್ಲ, ಅದು ಶುರುವಾಗಿದ್ದು 2015ರಲ್ಲಿ. ಇವತ್ತು ಈ ಜಿಲ್ಲೆಯಲ್ಲಿ ಎಂಬಿಬಿಎಸ್, ಆಯುರ್ವೇದ, ನರ್ಸಿಂಗ್, ಪ್ಯಾರಾಮೆಡಿಕಲ್ ಓದ್ತಿರೋ ಹುಡುಗ ಹುಡುಗೀರು ಎಷ್ಟೋ ಜನ ಇದ್ದೀರಿ. ಯಲಬುರ್ಗಾ, ಕುಷ್ಟಗಿ ಕಡೆಯಿಂದ ರಾತ್ರಿ ಹೊತ್ತು ಚೀಟಿ ಹಿಡ್ಕೊಂಡು ಬರೋ ತಾಯಂದಿರು ನಾಳೆ ನಿಮ್ಮ ಕೈಗೇ ಬರ್ತಾರೆ. ನಿಮ್ಮ ಕೈಯಿಂದಲೇ ಹುಬ್ಬಳ್ಳಿಗೋ ಬಳ್ಳಾರಿಗೋ ಹೋಗ್ತಾರೆ.

ಅದಕ್ಕೇ ಈ ವಾರ ಮೂರೇ ಮೂರು ಕೆಲಸ ಮಾಡಿ ನೋಡ್ರಿ. ಒಂದು, ನಿಮ್ಮ ವಾರ್ಡಲ್ಲಿ ಬೇರೆ ಕೋರ್ಸಿನ ಒಬ್ಬರ ಹೆಸರು ಕೇಳಿ ತಿಳ್ಕೊಳ್ರಿ, ಆಮೇಲೆ ಹೆಸರು ಹಿಡಿದೇ ಮಾತಾಡಿಸ್ರಿ. ಎರಡು, ಒಂದು ಕೇಸನ್ನ ನಾಲ್ಕು ಸಾಲಲ್ಲಿ ಹೇಳೋದು ಗೆಳೆಯರ ಮುಂದೆ ಪ್ರಾಕ್ಟೀಸ್ ಮಾಡ್ರಿ. ಮೂರು, ರೋಗಿಯ ಜೊತೆ ಬಂದ ಅವ್ವನಿಗೋ ಅಜ್ಜಿಗೋ ಆಶಾ ಅಕ್ಕನಿಗೋ ಒಂದು ಪ್ರಶ್ನೆ ಕೇಳ್ರಿ: "ಅಲ್ಲಿ ಏನೇನು ಮಾಡಿದ್ರು?" ಅಂತ. ಉತ್ತರ ಬಂದ್ಮೇಲೆ ಕೇಸ್ ಶೀಟಲ್ಲಿ ಬರೀರಿ.

ಆ ನರ್ಸಿಂಗ್ ವಿದ್ಯಾರ್ಥಿನಿಯ ಹೆಸರನ್ನ ನಾನು ಅವತ್ತು ಕೇಳಲಿಲ್ಲ. ಗಾಬರಿಯಲ್ಲಿದ್ದೆ. ಬೆಳಿಗ್ಗೆ ಹುಡುಕಿದಾಗ ಅವರ ಬ್ಯಾಚಿನ ಡ್ಯೂಟಿ ಮುಗಿದು ಹೋಗಿತ್ತು. ಅವ್ವ ಈಗಲೂ ಮೊಮ್ಮಗನಿಗೆ ಊಟ ಮಾಡಿಸುವಾಗ "ಆ ಹುಡುಗಿ ಕೇಳಿದ್ದಕ್ಕ ನೀ ಆರಾಮ ಅದೀ ನೋಡು" ಅಂತಾಳೆ. ತಂಗೀ, ನೀನು ಇದನ್ನ ಕೇಳ್ತಿದ್ರೆ, ನಮ್ಮ ಮನೆಯಲ್ಲಿ ನಿನಗೆ ಒಂದು ಊಟ ಬಾಕಿ ಇದೆ.

ನಿಮ್ಮ ವಾರ್ಡಲ್ಲಿ ಹೀಗೆ ಏನಾದರೂ ಆಗಿದ್ರೆ, ರೋಗಿಯ ಹೆಸರು, ಆಸ್ಪತ್ರೆಯ ಹೆಸರು ಹೇಳದೆ ವಾಯ್ಸ್ ನೋಟ್ ಕಳಿಸ್ರಿ. ಮುಂದಿನ ವಾರ ಸಿಗೋಣ. ಬರ್ತೀನ್ರಿ, ನಮಸ್ಕಾರ.